ಬೆಳಗಾವ್ಯಾಗ ಸಾಲ್ಟ್‌ವಾಟರ್ ಟ್ಯಾಂಕಿನ ಸ್ಪಾಂಜ್ ಕೀಳೋ ಸರ್ವಿಸ್: ಐದರಾಗ ನಾಕು ಸ್ಟಾರ್

ಮೊದಲ ತೀರ್ಪು ಹೇಳಿಬಿಡ್ತೀನಿ, ಪುರಾಣ ಆಮ್ಯಾಲ. ರೀಫ್ ಟ್ಯಾಂಕ್, ಅಂದ್ರ ಮೀನು ಮತ್ತ ಕೋರಲ್ (ಹವಳ) ಸಾಕೋ ಉಪ್ಪುನೀರಿನ ಟ್ಯಾಂಕ್ ಇಟ್ಟು, ಅದರಾಗ ಬ್ಯಾಡಾದ ಸ್ಪಾಂಜ್ (ಕಲ್ಲಿಗೆ ಅಂಟಿಕೊಂಡು ಬೆಳಿಯೋ ಸಮುದ್ರದ ಪ್ರಾಣಿ) ಹಬ್ಬಿ ಕೋರಲ್ ಮುಚ್ಚಾಕ ಹತ್ತೇತಿ ಅಂತ ತಲಿ ಹಿಡ್ಕೊಂಡು ಕುಂತೋರಿಗೆ ಬೆಳಗಾವ್ಯಾಗ ಮನಿಗೇ ಬಂದು ಕೆಲಸ ಮಾಡಿಕೊಡೋ ಹುಡುಗ ಒಬ್ಬ ಅದಾನ. ಬೋರ್ಡ್ ಇಲ್ಲ, ಅಂಗಡಿ ಇಲ್ಲ, ಒಂದು ಸ್ಕೂಟರು, ಎರಡು ಬಕೆಟ್ಟು, ಬೆನ್ನಿಗೊಂದು ಬ್ಯಾಗು, ಅಷ್ಟ ಅವನ ಆಸ್ತಿ. ನಾ ಅವನ ಸರ್ವಿಸಿಗೆ ಐದರಾಗ ನಾಕು ಕೊಡ್ತೀನಿ. ನಾಕು ಯಾಕಂದ್ರ ಅವಗ ಯಾವ ಸ್ಪಾಂಜ್ ಬಿಡಬೇಕು, ಯಾವದು ಉಪವಾಸ ಕೆಡವಬೇಕು, ಯಾವದು ಕಿತ್ತಬೇಕು ಅನ್ನೋದು ಗೊತ್ತೈತಿ, ಆ ಕಣ್ಣಿಗೆ ರೊಕ್ಕ ಕೊಡಬೇಕು. ಒಂದು ಕಟ್ ಯಾಕ ಮಾಡೀನಿ ಅಂತ ಕೆಳಗ ಬರದೀನಿ, ಅದೂ ಸಣ್ಣ ವಿಷಯ ಏನಲ್ಲ.

ಟ್ಯಾಂಕ್ ಇರೋದು ನಮ್ಮ ಸೋದರಮಾವನ ಹಲ್ಲಿನ ದವಾಖಾನ್ಯಾಗ, ಟಿಳಕವಾಡಿ ಕಡೆ. ಪೇಶಂಟ್‌ಗಳು ಕುಂದ್ರೋ ಹಾಲಿನಾಗ ನಾಕು ಫೂಟಿನ ಟ್ಯಾಂಕ್, ಕೆಳಗ ಕ್ಯಾಬಿನೆಟ್ಟಿನಾಗ ಸಂಪು (ನೀರು ಸೋಸೋ ಸಣ್ಣ ತೊಟ್ಟಿ), ಸ್ಕಿಮ್ಮರು (ನೀರಾಗಿನ ಹೊಲಸನ್ನ ನೊರಿ ಮಾಡಿ ತಗಿಯೋ ಯಂತ್ರ). ಒಳಗ ಕ್ಲೌನ್ ಮೀನಿನ ಜೋಡಿ, ಒಂದು ಫಾಕ್ಸ್‌ಫೇಸ್, ಕ್ಲೀನರ್ ಶ್ರಿಂಪು (ಸೀಗಡಿ), ಮತ್ತ ಝೋವಾಂಥಸ್, ಮಶ್ರೂಮ್, ಲೆದರ್ ಹಿಂಗ ಮೆತ್ತನ ಕೋರಲ್ ಮಾತ್ರ. ಕಲ್ಲಿನ ಅಸ್ಥಿ ಇರೋ ಹಾರ್ಡ್ ಕೋರಲ್ ಸುದ್ದಿಗೆ ಮಾವ ಹೋಗಂಗಿಲ್ಲ, ಯಾಕಂದ್ರ ನಮ್ಮ ದೇಶದಾಗ ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆದಾಗ ಶೆಡ್ಯೂಲ್ 1ರೊಳಗ ಅದಾವ, ಹುಲಿ ಆನಿ ಇರೋ ಪಟ್ಟಿ ಅದು, ಯಾರರ ಸಮುದ್ರದಿಂದ ಕಿತ್ತು ತಂದು ಕೊಡ್ತೀನಿ ಅಂದ್ರೂ ಬಾಗಲಾಗ ನಿಂದ್ರಸಬ್ಯಾಡ್ರಿ. ದಿನಾ ಟ್ಯಾಂಕ್ ನೋಡ್ಕೊಳ್ಳೋದು ರಿಸೆಪ್ಶನ್ ಅಕ್ಕಾರು ಮತ್ತ ನಾನು, ಮಾವ ರೊಕ್ಕ ಕೊಡ್ತಾನ ಮತ್ತ ಬೈತಾನ.

ಸಮಸ್ಯಾ ಏನಾತಂದ್ರ, ಕಲ್ಲುಗಳ ಸಂದಿಯೊಳಗ ನೆರಳಿನಾಗ ಹಳದಿ ಬಿಳಿ ಬಣ್ಣದ ಒಂದು ಸ್ಪಾಂಜ್ ಮೊದಲಿಂದಾನೂ ಇತ್ತು, ಅದು ಯಾರಿಗೂ ತೊಂದರಿ ಕೊಟ್ಟಿರಲಿಲ್ಲ, ಆಮ್ಯಾಲ ಅದು ಸಂದಿಯಿಂದ ಹೊರಗ ಬಂದು ಝೋವಾಂಥಸ್ ಬುಡಕ್ಕ ಸುತ್ತಾಕ ಶುರು ಮಾಡ್ತು, ಝೋವಾ ಬಾಯಿ ಮುಚ್ಚಿ ಕುಂತು ಬಿಟ್ವು, ತೆರಿಲೇ ಇಲ್ಲ. ಅದರ ಸಂಗಾಟ ಮ್ಯಾಲ ಲೈಟ್ ಛೊಲೊ ಬೀಳೋ ಕಡೆ ಬೂದಿ ಬಣ್ಣದ್ದು ಇನ್ನೊಂದು, ಇದು ಹಂಚಿನ ಮ್ಯಾಲ ಹರವಿದ ದ್ವಾಶಿ ಹಿಟ್ಟಿನಂಗ ತೆಳ್ಳಗ ಹರಡಿ ಅಂಚು ಮಾತ್ರ ಸ್ವಲ್ಪ ಎದ್ದು ನಿಂತಿತ್ತು. ಸಂಪಿನೊಳಗ, ಪೈಪಿನ ಬಾಯಿಗೆ ಸಣ್ಣ ಸಣ್ಣ ಬಿಳಿ ಅನಾನಸ್ ಹಣ್ಣಿನ ಆಕಾರದವು ನೂರಾರು. ನಮ್ಮ ಲೆಕ್ಕದಾಗ ಎಲ್ಲಾ ಒಂದ ರೋಗ.

ಇದರ ಔಷಧಕ್ಕ ಊರೆಲ್ಲಾ ತಿರಗಿದ್ವಿ. ಒಂದು ಅಂಗಡಿಯಾಂವ, ಹೆಸರು ಬ್ಯಾಡ, ದೊಡ್ಡ ಎಂಪರರ್ ಏಂಜಲ್ ಮೀನು ಬಿಡ್ರಿ ಸರ್, ಸ್ಪಾಂಜ್ ಎಲ್ಲಾ ತಿಂದು ತೇಗ್ತೈತಿ ಅಂದ. ತಿಂತೈತಿ, ಖರೇ, ಸಮುದ್ರದಾಗ ಈ ದೊಡ್ಡ ಏಂಜಲ್‌ಗಳ ಊಟದಾಗ ಸ್ಪಾಂಜ್ ಮುಖ್ಯ. ಆದ್ರ ಅದು ಬೆಳದ್ರ ಒಂದು ಫೂಟು ದಾಟಿ 40 ಸೆಂಟಿಮೀಟರ್ ತನಕ ಹೋಗ್ತೈತಿ, ನಾಕು ಫೂಟಿನ ಟ್ಯಾಂಕಿನಾಗ ಅದು ತಿರಗೋದ ಎಲ್ಲಿ, ಮ್ಯಾಲಾಗಿ ಸ್ಪಾಂಜ್ ಸಂಗಾಟ ಝೋವಾನೂ ಕಚ್ಚಿ ಕಚ್ಚಿ ತಿಂತೈತಿ, ಆಮ್ಯಾಲ ಆ ಮೀನು ಹಿಡದು ಹೊರಗ ತಗ್ಯಾಕ ಎಲ್ಲಾ ಕಲ್ಲು ಎತ್ತಬೇಕು. ಇನ್ನೊಬ್ಬಾಂವ ಯಾವದೋ ಬಾಟ್ಲಿ ತೋರಿಸಿದ, ಮ್ಯಾಲ ಹೆಸರು ಚಂದ ಇತ್ತು, ಒಳಗ ಏನೈತಿ ಅಂತ ಬರದಿರಲಿಲ್ಲ. ಮಾವನ ಪೇಶಂಟ್ ಒಬ್ಬರು ಅಥಣಿ ಕಡೆ ದ್ರಾಕ್ಷಿ ತ್ವಾಟದವರು, ಭಾಳ ಕಾಳಜಿಯಿಂದ, ಡಾಕ್ಟ್ರ ಒಂದೀಟು ಮೈಲುತುತ್ತ ಹಾಕ್ರಿ, ನಾವು ಬೋರ್ಡೋ ದ್ರಾವಣ ಹೊಡೀತೀವಲ್ಲ ಹಂಗ, ಬೂಸ್ಟು ಎಲ್ಲಾ ಸಾಯ್ತೈತಿ ಅಂದ್ರು. ಮೈಲುತುತ್ತ ಅಂದ್ರ ತಾಮ್ರ, ತಾಮ್ರ ಹಾಕಿದ್ರ ಸ್ಪಾಂಜಿನ ಸಂಗಾಟ ಶ್ರಿಂಪು, ಶಂಖದ ಹುಳ, ಕೋರಲ್ ಎಲ್ಲಾನೂ ಹೋಗ್ತಾವ, ಕಲ್ಲೊಳಗ ಸೇರಿಕೊಂಡು ಮುಂದೂ ಕಾಡ್ತೈತಿ. ದ್ರಾಕ್ಷಿಗೆ ಛೊಲೊ, ರೀಫಿಗೆ ವಿಷ.

ಆವಾಗ ಈ ಹುಡುಗನ ಸುದ್ದಿ ಗೊತ್ತಾತು.

ಬಂದ ದಿನ ಅಂವ ನೀರಿಗೆ ಕೈ ಹಾಕಲೇ ಇಲ್ಲ. ಮಾವಗ ಸಿಟ್ಟು, ರೊಕ್ಕ ತಗೊಂಡು ಬರೇ ನೋಡ್ತಾನಲ್ಲ ಅಂತ. ಹುಡುಗ ಹಾಲಿನ ಲೈಟ್ ಆರಿಸ್ರಿ ಅಂದ, ಟ್ಯಾಂಕಿನ ನೀಲಿ ಲೈಟೂ ಆರಿಸಿದ, ಟಾರ್ಚ್ ಹಿಡಕೊಂಡು ಕಲ್ಲಿನ ಸಂದಿ ಸಂದಿ ನೋಡಿದ. ಒಂದು ಪ್ಲಾಸ್ಟಿಕ್ ಕಡ್ಡಿ ತಗೊಂಡು ಒಂದೊಂದನ್ನ ಮೆತ್ತಗ ಮುಟ್ಟಿ ನೋಡಿದ. ಕಡ್ಡಿ ಯಾಕಂದ್ರ, ಮುಟ್ಟಿದ ಕೂಡ್ಲೆ ಮುದುಡಿಕೊಂಡು ಬಾಯಿ ಮುಚ್ಚಿದ್ರ ಅದು ಟ್ಯೂನಿಕೇಟ್, ಅದಕ್ಕ ಎರಡು ಬಾಯಿ ಇರ್ತಾವ, ಪಾಪ ಅದೂ ನೀರು ಸೋಸಿ ತಿನ್ನೋ ಪ್ರಾಣೀನ, ಅದನ್ನ ಸ್ಪಾಂಜ್ ಅಂತ ಕಿತ್ತಬಾರದು. ಸ್ಪಾಂಜಿಗೆ ನರಾ ಇಲ್ಲ, ಮುಟ್ಟಿದ್ರ ನಮ್ಮ ಕಣ್ಣಿಗೆ ಕಾಣೂವಂಗ ಏನೂ ಮಾಡಂಗಿಲ್ಲ, ಸುಮ್ನ ಕುಂದರ್ತೈತಿ. ನಮ್ಮ ಟ್ಯಾಂಕಿನಾಗ ನಾವು ಸ್ಪಾಂಜ್ ಅಂತ ಬೈದಿದ್ದರಾಗ ಕೆಲವು ಟ್ಯೂನಿಕೇಟ್ ಇದ್ವು, ಅವಕ್ಕ ಅಂವ ಮಾಫಿ ಕೊಡಿಸಿದ.

ಆಮ್ಯಾಲ ವಿಂಗಡಣಿ. ಸಂಪಿನಾಗಿನ ಅನಾನಸ್ ಆಕಾರದವು ಸೈಕಾನ್ ಜಾತಿಗೆ ಹತ್ತಿರದವು, ಮೈಯೊಳಗಿನ ಸಣ್ಣ ಮುಳ್ಳು ಸುಣ್ಣದಿಂದ ಆಗಿರೋ ಸ್ಪಾಂಜ್, ಹೊಸಾ ಟ್ಯಾಂಕಿನಾಗ ದಂಡಿಗಟ್ಟಲೆ ಬರ್ತಾವ, ತಾವ ಕಡಿಮಿ ಆಗ್ತಾವ, ನೀರು ಸೋಸಿ ಉಪಕಾರನ ಮಾಡ್ತಾವ, ಪಂಪಿನ ಬಾಯಿ ಮುಚ್ಚಿದ್ರ ಮಾತ್ರ ಒರಸಿ ಒಗೀರಿ ಅಂದ. ಹಳದಿ ಬಿಳೀದು ಬೆಳಕು ಬ್ಯಾಡ ಅನ್ನೋ ಜಾತಿ, ಅದಕ್ಕ ಊಟ ನೀರಾಗಿಂದ ಸಿಗ್ತೈತಿ, ಅದು ಹೆಚ್ಚಾಗೇತಿ ಅಂದ್ರ ನೀರಾಗ ಊಟ ಹೆಚ್ಚಾಗೇತಿ. ಬೂದಿ ಬಣ್ಣದ್ದು ಬ್ಯಾರೆ ಲೆಕ್ಕ, ಹವ್ಯಾಸದವರು ಕೊಲೊಸ್ಪಾಂಜಿಯಾ ಅಂತ ಕರೀತಾರ, ಅದರ ಮೈಯೊಳಗ ಸಯನೋಬ್ಯಾಕ್ಟೀರಿಯಾ ವಾಸ ಮಾಡ್ತಾವ, ಅವು ಲೈಟಿನಿಂದ ಅಡಗಿ ಮಾಡಿ ಸ್ಪಾಂಜಿಗೆ ಉಣ್ಣಸ್ತಾವ, ಹಂಗಾಗಿ ನೀವು ಟ್ಯಾಂಕನ್ನ ಎಷ್ಟ ಉಪವಾಸ ಕೆಡವಿದ್ರೂ ಅದು ಲೈಟ್ ಕುಡಕೊಂತ ಆರಾಮ ಇರ್ತೈತಿ. ಅಂದ್ರ ಮೂರು ಸ್ಪಾಂಜಿಗೆ ಮೂರು ನಮೂನಿ ಉಪಾಯ. ಒಂದು ಬಾಟ್ಲಿ ಮಾರೋ ಅಂಗಡಿಯವರಿಗೆ ಇದು ಹೆಂಗ ಹೊಳೀಬೇಕು? ನಾ ಕೊಟ್ಟ ನಾಕು ಸ್ಟಾರಿನಾಗ ಎರಡು ಈ ಒಂದು ತಾಸಿಗೇ ಹೋಗ್ತಾವ.

ಊಟದ ವಿಚಾರಣಿ ಅಂತೂ ಪೊಲೀಸ್ ಸ್ಟೇಶನ್ ಆತು. ಯಾರ್ಯಾರು ಏನೇನು ಹಾಕ್ತೀರಿ ಹೇಳ್ರಿ ಅಂದ. ಮುಂಜಾನಿ ಅಕ್ಕಾರು ಪೆಲೆಟ್ ಹಾಕ್ತಾರ, ಸಂಜೀಕ ಫ್ರೋಜನ್ ಮೈಸಿಸ್ (ಸೀಗಡಿಯಂಥ ಸಣ್ಣ ಹುಳ), ಮಾವ ಮ್ಯಾಲಿಂದ ಫೈಟೊಪ್ಲಾಂಕ್ಟನ್ (ನೀರಾಗ ತೇಲೋ ಸೂಕ್ಷ್ಮ ಪಾಚಿ) ಬಾಟ್ಲಿ ಮತ್ತ ಅಮೈನೊ ಆಸಿಡ್ ಹನಿ, ಕೋರಲ್ ಬಣ್ಣ ಬರ್ತೈತಿ ಅಂತ ಯಾರೋ ಹೇಳಿದ್ದು, ಅದರ ಮ್ಯಾಲ ಪೇಶಂಟ್‌ಗಳ ಹುಡುಗೂರು ಒಂದೊಂದು ಚಿಟಿಕಿ ಹಾಕಾಕ ಕೇಳ್ತಾವ, ಹಲ್ಲಿನ ಡಾಕ್ಟರ ಕಡೆ ಬಂದ ಕೂಸು ಅಳಬಾರದು ಅಂತ ಅಕ್ಕಾರು ಡಬ್ಬಿ ಕೊಡ್ತಾರ. ಹುಡುಗ ನಕ್ಕ. ಅಣ್ಣಾ, ಮೀನು ಎರಡು ಹೊತ್ತು ಉಂತಾವ, ಸ್ಪಾಂಜಿಗೆ ಇಪ್ಪತ್ತನಾಕು ತಾಸು ಲಗ್ನದ ಊಟ ನಡದೈತಿ ಅಂದ.

ಈ ಮಾತಿನ ಹಿಂದಿನ ವಿಜ್ಞಾನ ನಾ ಆಮ್ಯಾಲ ಓದೀನಿ, ಭಾಳ ರುಚಿ ಐತಿ. ಸ್ಪಾಂಜ್ ಅಂದ್ರ ಮೈತುಂಬ ಸಣ್ಣ ತೂತಿನಿಂದ ನೀರು ಎಳಕೊಂಡು, ಒಳಗ ಸೋಸಿ, ದೊಡ್ಡ ತೂತಿನಿಂದ ಹೊರಗ ಬಿಡೋ ಪ್ರಾಣಿ. ಬ್ಯಾಕ್ಟೀರಿಯಾ ತಿಂತೈತಿ, ಅಷ್ಟ ಅಲ್ಲ, ನೀರಾಗ ಕರಗಿ ಕಣ್ಣಿಗೂ ಕಾಣದ ಸಾವಯವ ಪದಾರ್ಥಾನೂ ಹೀರ್ತೈತಿ. ನೆದರ್ಲೆಂಡ್ಸಿನ ಯಾಸ್ಪರ್ ಡಿ ಹೂಯ್ ಮತ್ತ ಅವರ ಸಂಗಡಿಗರು 2013ರಾಗ ತೋರಿಸಿದ್ದು ಏನಂದ್ರ, ರೀಫಿನಾಗ ಸ್ಪಾಂಜ್ ಈ ಕರಗಿದ್ದನ್ನ ಹೀರಿ, ತನ್ನ ಹಳೇ ಜೀವಕೋಶ ಉದುರಿಸಿ ಉದುರಿಸಿ ಅದನ್ನ ಕಸರು ಮಾಡಿ ಕೆಳಗ ಬಿಡ್ತೈತಿ, ಆ ಕಸರನ್ನ ಹುಳಾ ಹುಪ್ಪಡಿ ತಿಂತಾವ. ಸಮುದ್ರದಾಗ ಇದು ದೊಡ್ಡ ಉಪಕಾರ, ಊಟ ಕಮ್ಮಿ ಇರೋ ನೀರಾಗ ಒಂದು ಕಣಾನೂ ಹಾಳಾಗಂಗಿಲ್ಲ. ಆದ್ರ ನಮ್ಮ ನಾಕು ಫೂಟಿನ ಡಬ್ಬಿಯಾಗ ಊಟಕ್ಕ ಕೊರತಿ ಎಲ್ಲೈತಿ? ಹಂಗಾಗಿ ಹುಡುಗನ ಮೊದಲ ಚೀಟಿಯಾಗ ಔಷಧ ಇರಲಿಲ್ಲ: ಫೈಟೊ ಮತ್ತ ಅಮೈನೊ ಬಂದ್, ಊಟ ಮೀನು ಎರಡು ನಿಮಿಷದಾಗ ತಿಂದು ಮುಗಸೂವಷ್ಟು, ಮೈಸಿಸ್ ಕರಗಿಸಿದ ಕೆಂಪು ನೀರು ಸೋಸಿ ಚೆಲ್ಲೋದು, ಸ್ಕಿಮ್ಮರಿನ ನೊರಿ ಸ್ವಲ್ಪ ತೆಳುವಾಗಿ ಹೊರಗ ಬರೂವಂಗ ಓಡಿಸೋದು, ಕಲ್ಲಿನ ಹಿಂದ ಕುಂತ ಕಸರು ಪೈಪಿನಿಂದ ಎಳದು ತಗಿಯೋದು, ಪೇಶಂಟ್ ಹುಡುಗೂರಿಗೆ ಖಾಲಿ ಡಬ್ಬಿ. ಕಡೀದು ಅಕ್ಕಾರ ಐಡಿಯಾ, ಖಾಲಿ ಡಬ್ಬಿ ಅಲ್ಲಾಡಿಸಿ ಹುಡುಗೂರು ಖುಷಿ, ಮೀನಿಗೂ ಅಷ್ಟ.

ಇದನ್ನ ಕೆಲವು ವಾರ ಮಾಡಿದ ಮ್ಯಾಲ ಅಂವ ಕೀಳಾಕ ಬಂದ. ಮೊದಲ ಯಾಕ ಕಿತ್ತಲಿಲ್ಲ ಅಂದ್ರ, ಊಟ ಹಂಗ ಇದ್ದಾಗ ಕಿತ್ತಿದ್ರ ಉಳಿದ ಚೂರಿನಿಂದ ಮತ್ತ ಬೆಳೀತಿತ್ತು. ಚೂರಿನ ವಿಷಯದಾಗ ಅಂವ ಭಾಳ ಖಡಕ್. ಟ್ಯಾಂಕಿನೊಳಗ ಬ್ರಶ್ ಹಾಕಿ ತಿಕ್ಕಬ್ಯಾಡ್ರಿ ಅಂತ ಹತ್ತು ಸಲ ಹೇಳ್ತಾನ, ಅದಕ್ಕ ಆಧಾರಾನೂ ಐತಿ. 1907ರಾಗ ಅಮೆರಿಕಾದ ಎಚ್. ವಿ. ವಿಲ್ಸನ್ ಅನ್ನೋ ಪ್ರೊಫೆಸರ್ರು ಜೀವಂತ ಸ್ಪಾಂಜನ್ನ ಸಣ್ಣ ನೇಯ್ಗಿ ರೇಷ್ಮಿ ಬಟ್ಟಿಯೊಳಗ ಇಟ್ಟು ಹಿಂಡಿ, ಜೀವಕೋಶ ಎಲ್ಲಾ ಬಿಡಿಬಿಡಿ ಮಾಡಿ ನೀರಾಗ ಬಿಟ್ರಂತ, ಅವು ಒಂದಕ್ಕೊಂದು ಹುಡಿಕ್ಕೊಂಡು ಮತ್ತ ಕೂಡಿ ಹೊಸಾ ಸ್ಪಾಂಜ್ ಆದ್ವಂತ. ರೇಷ್ಮಿ ಬಟ್ಟಿ ಅಂದ ಕೂಡ್ಲೆ ಅಕ್ಕಾರು ಶಹಾಪುರ ಸೀರಿ ಮಾತು ತಗದ್ರು, ಆ ಮಾತು ಅರ್ಧ ತಾಸು ನಡೀತು, ಇರ್ಲಿ. ವಿಷಯ ಏನಂದ್ರ, ಬಟ್ಟ್ಯಾಗ ಹಿಂಡಿದ್ರೂ ಬದುಕೋ ಪ್ರಾಣಿಗೆ ನಿಮ್ಮ ಹಲ್ಲುಜ್ಜೋ ಬ್ರಶ್ ಯಾವ ಲೆಕ್ಕ, ತಿಕ್ಕಿದ್ರ ನೀವ ಬಿತ್ತನಿ ಮಾಡಿದಂಗ.

ಹಂಗಾಗಿ ಕಲ್ಲನ್ನ ಹೊರಗ ತಗದ ಕೆಲಸ. ಒಂದು ಬಕೆಟ್ಟಿನಾಗ ಟ್ಯಾಂಕಿನದ ನೀರು, ಇನ್ನೊಂದರಾಗ ತೊಳ್ಯಾಕ ಹೊಸಾ ಉಪ್ಪುನೀರು. ಕಲ್ಲು ಎತ್ತೋ ಮುಂದ ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ, ಅವನಿಗೂ ನಮಗೂ, ಇದರಾಗ ಚೌಕಾಶಿ ಇಲ್ಲ. ಝೋವಾಂಥಸ್ ಮತ್ತ ಅದರ ಬಳಗದ ಪ್ಯಾಲಿಥೋವಾದಾಗ ಪ್ಯಾಲಿಟಾಕ್ಸಿನ್ ಅನ್ನೋ ವಿಷ ಇರಬಹುದು, ಹವಾಯಿಯಾಗ 1971ರಾಗ ಬ್ಯಾರೆ ಮಾಡಿ ತಗದದ್ದು, ಜಗತ್ತಿನ ಭಯಂಕರ ವಿಷಗಳಾಗ ಒಂದು. ಸ್ಪಾಂಜ್ ಸಾಯ್ಲಿ ಅಂತ ಕಲ್ಲನ್ನ ಕುದಿಯೋ ನೀರಾಗ ಹಾಕ್ತೀನಿ ಅನ್ನೋರು ಅದಾರಲ್ಲ, ದಯಮಾಡಿ ಬ್ಯಾಡ್ರಿ, ಹಂಗ ಕುದಿಸಿ ಅದರ ಹಬಿ ಕುಡದು ಮನಿಮಂದಿ ಎಲ್ಲಾ ಆಸ್ಪತ್ರಿ ಸೇರಿದ ಪ್ರಕರಣ ಹೊರದೇಶದಾಗ ಆಗ್ಯಾವ. ಈ ಸಾಲು ಒಂದ ಓದಿ ಬಾಕಿ ಬಿಟ್ರೂ ನಡೀತೈತಿ.

ಹೊರಗ ತಗದ ಕಲ್ಲಿನ ಮ್ಯಾಲ ಅಸಲೀ ಆಟ ನಡೀತು, ಮತ್ತ ಹಲ್ಲಿನ ದವಾಖಾನಿ ಆಗಿದ್ದು ಇಲ್ಲಿ ಕೆಲಸಕ್ಕ ಬಂತು. ಮಾವನ ಹಳೇ ಸ್ಕೇಲರ್, ಸಣ್ಣ ಚಮಚದಂಥ ಎಕ್ಸ್‌ಕವೇಟರ್, ಹಲ್ಲಿನ ಸಂದಿ ಕೆರಿಯೋವು, ಝೋವಾ ಬುಡದಿಂದ ಸ್ಪಾಂಜ್ ಬಿಡಸಾಕ ಇದಕ್ಕಿಂತ ಛೊಲೊ ಹತ್ಯಾರ ಇಲ್ಲ. ಮಾವ ಮೊದಲ ದೂರ ನಿಂತು ನೋಡಿದ, ಆಮ್ಯಾಲ ತಡೀಲಾರದ ತಾನ ಗ್ಲೌಸ್ ಹಾಕ್ಕೊಂಡು ಕುಂತ, ಟಾರ್ಟಾರ್ ತಗದಂಗ ತಗದ, ಹುಡುಗನಿಗಿಂತ ಚೊಕ್ಕ. ಸ್ಪಾಂಜಿಗೆ ಗಾಳಿ ಆಗಂಗಿಲ್ಲ, ಅದರ ಒಳಗಿನ ಸಣ್ಣ ಕಾಲುವಿಯೊಳಗ ಗಾಳಿ ಸೇರಿದ್ರ ಹೊರಗ ಹೋಗಂಗಿಲ್ಲ, ಅಲ್ಲಿ ಕೊಳ್ಯಾಕ ಶುರು. ಬೇಕಾದ ಸ್ಪಾಂಜ್ ಸಾಕೋರು ಅದನ್ನ ಎಂದೂ ನೀರಿಂದ ಹೊರಗ ತಗಿಬ್ಯಾಡ್ರಿ ಅಂತ ಹೇಳೋದು ಇದಕ್ಕ, ನಮಗ ಬ್ಯಾಡಾದದ್ದು, ಹಂಗಾಗಿ ಗಾಳಿ ನಮ್ಮ ಪಾರ್ಟಿ.

ಕೆರದ ಜಾಗಕ್ಕ ಹೈಡ್ರೋಜನ್ ಪೆರಾಕ್ಸೈಡ್. ಇಲ್ಲೊಂದು ಕೆಲಸದ ಮಾತು: ಪರದೇಶದವರು ಬರಿಯೋದೆಲ್ಲ 3 ಪರ್ಸೆಂಟಿನ ಲೆಕ್ಕದಾಗ ಇರ್ತೈತಿ, ನಮ್ಮ ಮೆಡಿಕಲ್ ಅಂಗಡಿಯಾಗ ಸಾಮಾನ್ಯವಾಗಿ ಸಿಗೋ ಬಾಟ್ಲಿ ಮ್ಯಾಲ 20 ವಾಲ್ಯೂಮ್ ಅಂತ ಇರ್ತೈತಿ, ಅಂದ್ರ ಸುಮಾರು 6 ಪರ್ಸೆಂಟ್, ಸರಿಸಮ ನೀರು ಕೂಡಿಸಿದ್ರ 3 ಆಗ್ತೈತಿ. ಹುಡುಗ ಹಂಗ ಮಾಡಿ, ಸೂಜಿ ತಗದ ಸಿರಿಂಜಿನಿಂದ ಸ್ಪಾಂಜಿನ ಬೇರು ಉಳದಲ್ಲಿ ಮಾತ್ರ ಹನಿಹನಿ ಹಾಕಿ, ನೊರಿ ಬಂದು ಸ್ವಲ್ಪ ಹೊತ್ತು ಬಿಟ್ಟು, ಉಪ್ಪುನೀರಿನಾಗ ತೊಳದು, ಮತ್ತ ತೊಳದು ಟ್ಯಾಂಕಿಗೆ ಬಿಟ್ಟ. ಎರಡೆರಡು ಸಲ ತೊಳಿಯೋದು ಶ್ರಿಂಪಿನ ಸಲುವಾಗಿ, ಮೀನು ತಡಕೊಂಡದ್ದನ್ನ ಕ್ಲೀನರ್ ಶ್ರಿಂಪು ತಡಕೊಳ್ಳಂಗಿಲ್ಲ.

ಬೂದಿ ಬಣ್ಣದ್ದು ಒಂದು ಕಲ್ಲಿನ ಮ್ಯಾಲ, ಆ ಕಲ್ಲು ಕೆಳಗಿನ ಕಲ್ಲಿಗೆ ಅಂಟಿಸಿದ್ದು, ಎತ್ತಾಕ ಬರಂಗಿಲ್ಲ. ಅದಕ್ಕ ಪಂಪೆಲ್ಲಾ ಬಂದ್ ಮಾಡಿ, ಪೈಪಿನ ಬಾಯಿ ಪಕ್ಕದಾಗ ಹಿಡದು ನೀರು ಎಳಕೊಂತ ಎಳಕೊಂತ ಕೆರದ, ಚೂರೆಲ್ಲಾ ಪೈಪಿನಾಗ ಹೋದ್ವು, ಉಳದ ಜಾಗಕ್ಕ ಸುಣ್ಣದ ಪೇಸ್ಟು. ಸುಣ್ಣ ಅಂದ ಕೂಡ್ಲೆ ನಾ ಪಾನಂಗಡಿ ಡಬ್ಬಿ ತರಲೇನು ಅಂತ ಕೇಳಿದೆ, ಬ್ಯಾಡಣ್ಣಾ ಅದರಾಗ ಏನೇನು ಕೂಡೇತೋ ಅಂದ. ಶುದ್ಧ ಕ್ಯಾಲ್ಸಿಯಮ್ ಹೈಡ್ರಾಕ್ಸೈಡ್ ಪುಡಿ ಬೇಕು ಅಂದ್ರ ಮಾವ ಡ್ರಾವರ್ ತಗದು ತೋರಿಸಿದ, ರೂಟ್ ಕೆನಾಲ್ ಕೆಲಸಕ್ಕ ಹಲ್ಲಿನ ಡಾಕ್ಟರು ಅದನ್ನ ಬಳಸ್ತಾರ! ಆದ್ರ ಅದರಾಗ ತಯಾರಿ ಪೇಸ್ಟ್ ಬ್ಯಾಡ, ಎಕ್ಸ್‌ರೇದಾಗ ಕಾಣಲಿ ಅಂತ ಕೆಲವದರಾಗ ಬೇರಿಯಮ್ ಸಲ್ಫೇಟ್ ಕೂಡಿಸಿರ್ತಾರ, ಬರೇ ಪುಡಿ ಇರೋದು ತಗೊಂಡ್ರು. ಸುಣ್ಣ ಒಮ್ಮೆಲೆ ಹೆಚ್ಚು ಹಾಕಿದ್ರ ಟ್ಯಾಂಕಿನ ಪಿಎಚ್ ಏರ್ತೈತಿ, ಅದಕ್ಕ ರುಪಾಯಿ ನಾಣ್ಯದಷ್ಟು ಜಾಗ ಒಂದು ಸಲಕ್ಕ, ಮುಂದಿನದು ಮುಂದಿನ ಭೇಟಿಗೆ. ಆಮ್ಯಾಲ ಅದರ ಮ್ಯಾಲ ರೀಫ್ ಎಪಾಕ್ಸಿ (ನೀರಾಗೂ ಗಟ್ಟಿ ಆಗೋ ಅಂಟು) ಮೆತ್ತಿ ಬೆಳಕೂ ಬಂದ್, ನೀರೂ ಬಂದ್. ಬೆಳಕು ತಿಂದು ಬದುಕೋದಕ್ಕ ಇದ ಮದ್ದು.

ಕೆಲಸ ಮುಗದ ಮ್ಯಾಲ ಸಂಪಿನಾಗ ಹೊಸಾ ಆಕ್ಟಿವೇಟೆಡ್ ಕಾರ್ಬನ್ ಚೀಲ ಇಟ್ಟ, ತೊಳದು ಇಟ್ಟ, ಕರೀ ಪುಡಿ ಟ್ಯಾಂಕಿಗೆ ಹೋಗಲಿಲ್ಲ. ನೀರು ಐದನೇ ಒಂದು ಭಾಗ ಬದಲಿ ಮಾಡಿದ, ಹೊಸಾ ನೀರಿನ ಉಪ್ಪು 35 ಪಿಪಿಟಿ (ಸಾವಿರಕ್ಕ 35 ಪಾಲು), ಬಿಸಿ 25 ಡಿಗ್ರಿ ಆಸುಪಾಸು ಮೊದಲ ನೋಡಿಕೊಂಡು. ಕಾರ್ಬನ್ ಯಾಕ ಅಂತ ಮಾವ ಕೇಳಿದ, ಸ್ಪಾಂಜ್ ಓಡಿ ಹೋಗಲಾರದ ಪ್ರಾಣಿ, ಅದರ ಹತ್ಯಾರ ಎಲ್ಲಾ ರಸಾಯನ, ಕೆರದಾಗ ಅದನ್ನ ನೀರಿಗೆ ಬಿಡ್ತೈತಿ, ಕಾರ್ಬನ್ ಅದನ್ನ ಹೀರಿಕೊಳ್ತೈತಿ ಅಂದ ಹುಡುಗ. ಇದಕ್ಕ ಮಾವನೇ ಕೂಡಿಸಿದ, ರಕ್ತದ ಕ್ಯಾನ್ಸರಿಗೆ ಕೊಡೋ ಸೈಟಾರಬೀನ್ ಔಷಧದ ಮೂಲ ಸುಳಿವು ಕೆರಿಬಿಯನ್ ಸಮುದ್ರದ ಒಂದು ಸ್ಪಾಂಜಿನಿಂದ ಬಂದದ್ದು, 1969ರಾಗ ಅಮೆರಿಕಾದಾಗ ಅದಕ್ಕ ಮಂಜೂರಿ ಸಿಕ್ತು ಅಂತ. ಆವತ್ತಿಂದ ಮಾವಗ ಸ್ಪಾಂಜಿನ ಮ್ಯಾಲ ಸ್ವಲ್ಪ ಮರ್ಯಾದಿ ಬಂದೈತಿ, ಬೈಯೂದು ಕಡಿಮಿ ಮಾಡ್ಯಾನ.

ಈಗ ಕಟ್ ಮಾಡಿದ ಒಂದು ಸ್ಟಾರಿಗೆ ಬರೋಣ.

ಮೊದಲನೇದು ಟೈಮು. ಹತ್ತಕ್ಕ ಬರ್ತೀನಿ ಅಂದ್ರ ಹನ್ನೆರಡು, ಫೋನ್ ಎತ್ತಂಗಿಲ್ಲ, ಆಮ್ಯಾಲ ವಾಟ್ಸಪ್ಪಿನಾಗ ಸಾರಿ ಅಣ್ಣಾ ಅಂತ ಒಂದು ಕೈ ಮುಗದ ಚಿತ್ರ. ದವಾಖಾನ್ಯಾಗ ಪೇಶಂಟ್ ಇಲ್ಲದ ಹೊತ್ತು ನೋಡಿ ಕರದಿರ್ತೀವಿ, ಅಂವ ಬರೋ ಹೊತ್ತಿಗೆ ಹಾಲ್ ತುಂಬಿರ್ತೈತಿ, ಪೇಶಂಟ್‌ಗಳ ನಡು ಬಕೆಟ್ ಹಿಡಕೊಂಡು ಕಲ್ಲು ಎತ್ತಬೇಕು. ನೆಲಕ್ಕ ಹಾಸಾಕ ಏನೂ ತರಂಗಿಲ್ಲ, ಮಾವ ಹೊಸದಾಗಿ ಹಾಕಿಸಿದ ಮಾರ್ಬಲ್ ಮ್ಯಾಲ ಉಪ್ಪುನೀರು ಬಿದ್ದು ಒಣಗಿ ಬಿಳಿ ಕಲೆ ಆತು, ಅಕ್ಕಾರು ಅದನ್ನ ತಿಕ್ಕಿ ತಿಕ್ಕಿ ಹುಡುಗನಿಗೆ ಕೊಟ್ಟ ಬೈಗಳ ಇಲ್ಲಿ ಬರ್ಯಾಕ ಬರಂಗಿಲ್ಲ. ಸಂಪಿನ ಪಕ್ಕದ ಪ್ಲಗ್ ಬೋರ್ಡಿಗೆ ನೀರು ಸಿಡಿಯೋ ಹಂಗ ಬಕೆಟ್ ಇಟ್ಟಿದ್ದ, ಅದನ್ನ ನಾವ ಸರಿಸಿದ್ವಿ, ಇದು ಮಾತ್ರ ನಗೋ ವಿಷಯ ಅಲ್ಲ.

ಎರಡನೇದು, ಹಸಿರು ಝೋವಾ ಒಂದು ಗುಂಪು ಹೊರಗ ಹೆಚ್ಚಿಗಿ ಹೊತ್ತು ಉಳೀತು, ಮಾವ ಮತ್ತ ಅಂವ ಮಾತಾಡಕೊಂತ ಕುಂತಾಗ. ಅರ್ಧ ಗುಂಪು ಹೋತು. ಹುಡುಗ ಒಪ್ಪಿಕೊಂಡ, ಮುಂದಿನ ಭೇಟಿಗೆ ರೊಕ್ಕ ಕಮ್ಮಿ ತಗೊಂಡ, ಅದು ಅವನ ದೊಡ್ಡತನ, ಆದ್ರೂ ಹೋದದ್ದು ಹೋತು. ಕೆಲಸ ಮಾಡೋ ಹೊತ್ತಿನಾಗ ಮೊಬೈಲಿನಾಗ ಟೈಮರ್ ಇಡು ಅಂತ ನಾ ಹೇಳೀನಿ, ಈಗ ಇಡ್ತಾನ.

ಮೂರನೇದು ನೀರಿನ ಮಾತು, ಇಲ್ಲಿ ಅಂವ ಅರ್ಧ ಖರೇ ಹೇಳಿ ಅರ್ಧ ಜಾಸ್ತಿ ಹೇಳ್ತಾನ. ಬೋರಿನ ನೀರಾಗ ಸಿಲಿಕಾ ಇರ್ತೈತಿ, ಸ್ಪಾಂಜಿನ ಮುಳ್ಳು ಸಿಲಿಕಾದಿಂದ ಆಗ್ತಾವ, ನಿಮ್ಮ ಆರ್‌ಓ ಹಿಂದಿನ ಡಿಐ ರೆಸಿನ್ (ಆರ್‌ಓದಿಂದ ತಪ್ಪಿಸಿಕೊಂಡ ಲವಣ ಹಿಡಿಯೋ ಸಣ್ಣ ಮಣಿ) ಖಲಾಸ್ ಆಗೇತಿ, ಹೊಸದು ಹಾಕ್ರಿ, ನನ್ನ ಕಡೆ ಐತಿ ಅಂದ. ಟಿಡಿಎಸ್ ಮೀಟರ್ (ನೀರಾಗ ಕರಗಿದ್ದು ಎಷ್ಟೈತಿ ಅಂತ ತೋರಿಸೋದು) ಸೊನ್ನಿ ತೋರಸ್ತೈತಲ್ಲ ಅಂದ್ರ, ಸಿಲಿಕಾ ಆ ಮೀಟರಿಗೆ ಕಾಣಂಗಿಲ್ಲ ಅಂದ. ಇದು ಖರೇನ: ನೀರಾಗಿನ ಸಿಲಿಕಾ ಹೆಚ್ಚೂ ಕಮ್ಮಿ ಚಾರ್ಜ್ ಇಲ್ಲದ ರೂಪದಾಗ ಇರ್ತೈತಿ, ಮೀಟರ್ ಅಳಿಯೋದು ಕರೆಂಟ್ ಹರಿಯೋದನ್ನ, ಮತ್ತ ರೆಸಿನ್ ಸೋಲಾಕ ಶುರು ಆದಾಗ ಮೊದಲ ತಪ್ಪಿಸಿಕೊಂಡು ಬರೋದರಾಗ ಸಿಲಿಕಾನೂ ಒಂದು. ಆದ್ರ ಸಂಪಿನಾಗಿನ ಅನಾನಸ್ ಜಾತಿ ಮುಳ್ಳು ಸುಣ್ಣದ್ದು, ಅದಕ್ಕ ಸಿಲಿಕಾ ಬೇಕಾಗೇ ಇಲ್ಲ, ಬೂದಿ ಬಣ್ಣದ ಬಳಗದ್ದಕ್ಕ ತನ್ನ ಮುಳ್ಳ ಇರಂಗಿಲ್ಲ. ಅಂದ್ರ ರೆಸಿನ್ ಬದಲಿ ಮಾಡೋದು ಕಂದು ಡಯಾಟಮ್ ಪಾಚಿಗೆ, ಒಟ್ಟು ನೀರಿಗೆ ಛೊಲೊ, ಸ್ಪಾಂಜ್ ಕಡಿಮಿ ಆಗೋದು ಅದರಿಂದ ಅಂತ ನಂಬಿ ರೊಕ್ಕ ಹಾಕಬ್ಯಾಡ್ರಿ. ಇದನ್ನ ಅವನಿಗೂ ಹೇಳೀನಿ, ಹೂಂ ಅಣ್ಣಾ ಅಂದ, ಆದ್ರೂ ಕಾರ್ಟ್ರಿಜ್ ಮಾರಿದ. ಮಾರಾಟದ ಮುಂಚೆ ರೇಟ್ ಹೇಳಲಿಲ್ಲ, ಬಿಲ್ಲೂ ಕೊಡಲಿಲ್ಲ.

ರೇಟ್ ವಿಷಯ: ಭೇಟಿಗೊಂದು ಮತ್ತ ಕೆಲಸದ ತಾಸಿಗೆ ಬ್ಯಾರೆ ಅಂತ ತಗೋತಾನ, ಮಾತಾಡೋ ತಾಸೂ ತಾಸ, ಅದಕ್ಕ ನಮ್ಮ ಮಾವನಂಥ ಮಾತಿನ ಮಲ್ಲರು ಸ್ವಲ್ಪ ಜ್ವಾಕಿ. ಒಂದು ದೊಡ್ಡ ಏಂಜಲ್ ಮೀನಿನ ರೊಕ್ಕದಾಗ ಅವನ ಪೂರಾ ಕೆಲಸ ಮುಗೀತು ಅಂತ ಹೇಳಬಹುದು, ಮ್ಯಾಲ ಮೀನು ಸಾಕೋ ತಲಿನೋವಿಲ್ಲ. ಗೋವಾ, ಬೆಂಗಳೂರಿಂದ ಯಾರನ್ನರ ಕರಸ್ತೀವಿ ಅಂದ್ರ ಬರೋ ಹೋಗೋ ಖರ್ಚ ಇದಕ್ಕಿಂತ ಜಾಸ್ತಿ.

ಸದ್ಯದ ಪರಿಸ್ಥಿತಿ: ಹಳದಿ ಬಿಳೀದು ಸಂದಿಯೊಳಗ ವಾಪಸ್ ಹೋಗೇತಿ, ಅಲ್ಲಿ ಇರ್ಲಿ ಅಂತ ಬಿಟ್ಟೀವಿ, ಝೋವಾ ಬುಡದ ಕಡೆ ಹೊರಗ ಬಂದದ್ದು ಕಂಡಾಗ ಅಕ್ಕಾರು ಊಟದ ಡಬ್ಬಿ ಕಡೆ ನೋಡ್ತಾರ, ಯಾರು ಹೆಚ್ಚು ಹಾಕಿದ್ರು ಅಂತ. ಬೂದಿ ಬಣ್ಣದ್ದು ಎಪಾಕ್ಸಿ ಅಂಚಿನಿಂದ ಸಣ್ಣಗ ಇಣುಕಿತ್ತು, ಹುಡುಗ ಬಂದು ಮತ್ತ ಸುಣ್ಣ ಹಚ್ಚಿ ಹೋಗ್ಯಾನ, ಇದು ಪೂರಾ ಹೋಗ್ತೈತಿ ಅಂತ ಅಂವ ಎಂದೂ ಹೇಳಿಲ್ಲ, ಹಿಡಿತದಾಗ ಇಡೋಣ ಅಂತ ಮಾತ್ರ ಹೇಳ್ಯಾನ. ಸಂಪಿನ ಅನಾನಸ್‌ಗಳು ತಾವ ಅರ್ಧ ಆಗ್ಯಾವ. ಸತ್ತ ಝೋವಾ ಜಾಗದಾಗ ಮಶ್ರೂಮ್ ಹಬ್ಬಾಕ ಹತ್ತೈತಿ, ಅದರ ಕಥಿ ಬ್ಯಾರೆ.

ಅವನ ನಂಬರ್ ಇಲ್ಲಿ ಹಾಕಂಗಿಲ್ಲ, ಅಂವನ ಬ್ಯಾಡ ಅಂದಾನ. ಕ್ಯಾಂಪ್ ಕಡೆ, ಟಿಳಕವಾಡಿ ಕಡೆ ಸಾಲ್ಟ್‌ವಾಟರ್ ಇಟ್ಟೋರನ್ನ ಕೇಳಿದ್ರ ಸಿಗ್ತಾನ. ಗಣಪತಿ ಹಬ್ಬದ ದಿನಗಳಾಗ ಕರೀಬ್ಯಾಡ್ರಿ, ಮಂಡಳದ ಕೆಲಸದಾಗ ಇರ್ತಾನ, ಫೋನ್ ಎತ್ತಂಗಿಲ್ಲ. ಫೋಟೊ ಕಳಸೂದಿದ್ರ ನೀಲಿ ಲೈಟ್ ಆರಿಸಿ ಬಿಳಿ ಲೈಟಿನಾಗ ತಗೀರಿ, ಪಂಪ್ ಬಂದ್ ಮಾಡಿ ಹತ್ತಿರದಿಂದ, ಪಕ್ಕಕ್ಕ ಅಳತಿಗೆ ಏನರ ಇಡ್ರಿ. ಮತ್ತ ಅಂವ ಬರೋ ಮೊದಲ ಹಾಲಿನಾಗ ಹಳೇ ಚಾದರ್ ಹಾಸಿ, ಪ್ಲಗ್ ಬೋರ್ಡ್ ಎತ್ತರಕ್ಕ ಕಟ್ಟಿ ಇಡ್ರಿ.